ತಲೆಗೆ ಚಿಮುಕಿಸಿಕೊಂಡ ನೀರು

ನೀರಿನ ಬರದಿಂದಾಗಿ ಈಗ ಈಜುಕೊಳ ತುಂಬಿಸುವುದು ನಾಲ್ಕು ವರ್ಷಕ್ಕೊಮ್ಮೆ, ತಂಡದ ಆಯ್ಕೆಯ ದಿನ ಮಾತ್ರ. ನನ್ನ ಮೊಮ್ಮಗಳು ಮೇದಿನಿ ಐವತ್ತು ಮೀಟರ್ ಈಜು ಕಲಿತದ್ದು ಒಣಕೊಳದಲ್ಲೇ. ಬೆಂಚಿನ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು ರಬ್ಬರ್ ಪಟ್ಟಿ ಎಳೆಯುತ್ತಿದ್ದಳು.

ನಿನ್ನೆ ಎಂಟು ಹುಡುಗಿಯರು ಜಿಗಿಯಲು ಕೊಳದಂಚಿನ ಬ್ಲಾಕಿನ ಮೇಲೆ ಬಾಗಿ ನಿಂತರು. ರೆಫರಿ "ಸಿದ್ಧ" ಎಂದದ್ದೇ ತಡ, ಮೇದಿನಿ ಕೆಳಗಿಳಿದು ಕೊಳದಿಂದ ಬೊಗಸೆ ನೀರು ತಲೆಗೆ ಚಿಮುಕಿಸಿಕೊಂಡಳು. ನೀರಿಗಿಳಿಯುವ ಮುನ್ನ ಹಾಗೆ ಮಾಡಬೇಕೆಂದು ಹೇಳಿಕೊಟ್ಟವಳು ನಾನೇ.

"ಫೌಲ್! ನಾಲ್ಕನೇ ಲೇನ್ ಔಟ್," ಎಂದರು ರೆಫರಿ.

ನಾನು ಪ್ರೇಕ್ಷಕರ ಮೆಟ್ಟಿಲಿನಿಂದ ದುಡುದುಡು ಇಳಿದು ಅವರ ಬಳಿ ಹೋದೆ. "ಅಲ್ರೀ, ಆ ಮಗು ಇಷ್ಟು ನೀರು ನೋಡಿದ್ದೇ ಇವತ್ತು!"

"ರೂಲ್ಸ್, ಅಜ್ಜಿ. ಮುಂದಿನ ಸಲ ಬರಲಿ."

"ಆಗ ಅವಳಿಗೆ ಇಪ್ಪತ್ತೆರಡು. ಇಪ್ಪತ್ತು ದಾಟಿದೋರನ್ನ ಸೇರಿಸಲ್ಲ ಅನ್ನೋದೂ ನಿಮ್ಮ ರೂಲ್ಸೇ ತಾನೆ? ನಾಚಿಕೆ ಆಗಲ್ವೇನ್ರೀ?"

ಅವರು ಹಾಳೆಯಲ್ಲಿದ್ದ ಅವಳ ಹೆಸರು ಹೊಡೆದುಹಾಕಿದರು.

ಮೇದಿನಿಯನ್ನು ಸೋಲಿಸಬಲ್ಲವಳು ಐದನೇ ಲೇನಿನ ನಫೀಸಾ ಒಬ್ಬಳೇ. ಅವಳು ಸದ್ದಿಲ್ಲದೆ ಇಳಿದು, ಬೊಗಸೆ ನೀರು ತಲೆಗೆ ಹಾಕಿಕೊಂಡಳು.

"ನನ್ನದೂ ಹೊಡೆದುಹಾಕಿ ಸರ್."

ಆರನೇ ಲೇನಿನವಳೂ ಇಳಿದಳು. ಆಮೇಲೆ ಉಳಿದವರು. ಎಂಟು ಒದ್ದೆ ತಲೆಗಳು ರೆಫರಿಯನ್ನೇ ನೋಡುತ್ತಿದ್ದವು. ಅವರು ಯಾರ ಮುಖವನ್ನೂ ನೋಡದೆ ಹೊಸ ಹಾಳೆ ತೆಗೆದರು.

"ಹತ್ತಿ, ಎಲ್ಲರೂ ಮತ್ತೆ ಹತ್ತಿ."