ಅಟೆಂಡರಿಗೊಂದು ಮಂಚ

ಪಾಲಿಸಿ ಮಾರಲು ಬಂದ ಹುಡುಗಿಗೆ ಮನೆಯಲ್ಲಿದ್ದ ಒಂದೇ ಕುರ್ಚಿ ಕೊಟ್ಟು, ಚಿಕ್ಕೀರಯ್ಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ. ಸರ್ಕಾರಿ ಕಚೇರಿಯಲ್ಲಿ ಅಟೆಂಡರಾಗಿ ನಿವೃತ್ತನಾದವನು. ಸಾಹೇಬರ ಬಾಗಿಲು ಕಾದು ಕಾದು ಆ ಜಾಗವೇ ಒಗ್ಗಿಹೋಗಿತ್ತು. ಈಗ ಗಂಟೆ ಒತ್ತಿ ಕರೆಯುವವರು ಮಾತ್ರ ಯಾರೂ ಇರಲಿಲ್ಲ.

"ನಿಮ್ಮ ಸರ್ಕಾರಿ ಹೆಲ್ತ್ ಕಾರ್ಡು ಆಪರೇಷನ್ನಿಗಾಯ್ತು, ಔಷಧಿಗಾಯ್ತು," ಎಂದಳು ಹುಡುಗಿ. "ಮಿಕ್ಕಿದ್ದನ್ನ ನಮ್ಮ ಪಾಲಿಸಿ ನೋಡ್ಕೊಳ್ಳುತ್ತೆ ಸಾರ್. ಅಟೆಂಡರ್‌ಗೆ ಪೇಷಂಟ್ ಪಕ್ಕದಲ್ಲೇ ಮಂಚ, ಎರಡು ಹೊತ್ತು ಊಟ, ಕಾಫಿ."

ಮುದುಕನ ಬೆನ್ನು ನೆಟ್ಟಗಾಯಿತು. ಇಷ್ಟು ವರ್ಷದ ಸರ್ವೀಸಿನಲ್ಲಿ ಅವನಿಗೆ ಯಾರೂ ಒಂದು ಕುರ್ಚಿ ಕೂಡ ಕೊಟ್ಟಿರಲಿಲ್ಲ.

"ಅಟೆಂಡರ್‌ಗೆ ಮಂಚಾನಾ ಮೇಡಂ?"

"ಹೂಂ ಸಾರ್. ಅಟೆಂಡರ್ ಇಲ್ದೆ ಆಸ್ಪತ್ರೇಲಿ ಅಡ್ಮಿಟ್ಟೇ ಮಾಡ್ಕೊಳ್ಳಲ್ಲ. ನಿಮಗೆ ಅಟೆಂಡರ್ ಯಾರು?"

"ನಾನೇ."

ಹುಡುಗಿಗೆ ನಗು ಬಂತು. "ಆಫೀಸಿನ ಅಟೆಂಡರ್ ಅಲ್ಲ ಸಾರ್. ನೀವು ಮಲಗಿದ್ರೆ ಪಕ್ಕದಲ್ಲಿ ಕೂರೋರು. ಹೆಂಡ್ತಿ, ಮಕ್ಕಳು, ತಂಗಿ, ಯಾರಾದ್ರೂ ಆಯ್ತು."

ಚಿಕ್ಕೀರಯ್ಯ ಬಾಗಿಲಾಚೆ ನೋಡಿದ. ದಿನವೂ ಅವನಿಗೆ ಮೊಸರು ಕೊಡುವವಳು ಬೀದಿಯಲ್ಲಿ ಹೋಗುತ್ತಿದ್ದಳು. ಅವಳ ಹೆಸರೇನೆಂದು ಅವನು ಕೇಳಿರಲೇ ಇಲ್ಲ.

"ಯಾರೂ ಇಲ್ವಾ ಸಾರ್?" ಹುಡುಗಿಯ ದನಿ ತಗ್ಗಿತು. ಬ್ಯಾಗು ಹೆಗಲಿಗೇರಿಸಿ ಎದ್ದಳು.

ಅವಳು ಎದ್ದಳೆಂದು ಅವನೂ ಎದ್ದು ನಿಂತ.

"ನನ್ನಂಗೆ ಯಾರೂ ಇಲ್ದಿರೋ ಪೇಷಂಟ್ ಸಿಕ್ರೆ ಹೇಳಿ ಮೇಡಂ," ಎಂದ. "ಅಟೆಂಡರ್ ನಾನಿದೀನಿ."