ನಕ್ಕದ್ದಕ್ಕೆ ಇನ್ನೊಂದು ಫೋಟೊ

"ತಾಜುನ್ನಿಸಾ ಖಾಲಾ, ಆ ರಗ್ಗು ಒಮ್ಮೆ ವಾಪಸ್ ಕೊಡಿ. ಫೋಟೊದಲ್ಲಿ ನೀವು ನಕ್ಕುಬಿಟ್ಟಿರಿ," ಎಂದರು ಫಾದರ್ ಬೊನಿಫಾಸ್.

ಶಹಾಬಾದದ ಗಣಿ ಕೂಲಿಗಳಿಗಾಗಿಯೇ ಮಂಗಳೂರು ಬಿಟ್ಟು ಬಂದ ಪಾದ್ರಿ ಅವರು. ರಗ್ಗು ಹಂಚುವ ಫೋಟೊಗಳು ವಿದೇಶದ ದಾನಿಗಳಿಗೆ ಹೋಗಬೇಕಿತ್ತು. ಬಡವರು ನಕ್ಕರೆ ಮುಂದಿನ ಚಳಿಗೆ ರಗ್ಗು ಬರುವುದಿಲ್ಲ ಎಂಬುದು ಹನ್ನೆರಡು ವರ್ಷಗಳಲ್ಲಿ ಅವರು ಕಲಿತ ಪಾಠ.

ತಾಜುನ್ನಿಸಾ ಅಷ್ಟರಲ್ಲಾಗಲೇ ಜ್ವರದ ಮೊಮ್ಮಗಳನ್ನು ಚರ್ಚಿನ ಕಟ್ಟೆಯ ಮೇಲೆ ಮಲಗಿಸಿ ರಗ್ಗು ಹೊದಿಸಿದ್ದಳು. ಮಗುವಿನ ಮೈಮೇಲಿಂದ ಅದನ್ನು ತೆಗೆದು, ಅಂಚಿಗೆ ಅಂಚು ಕೂಡಿಸಿ, ಹೊಸದರಂತೆ ಮಡಚಿ ಫಾದರ್ ಕೈಗಿಟ್ಟಳು. ರಗ್ಗು ಇನ್ನೂ ಬೆಚ್ಚಗಿತ್ತು. ಕಟ್ಟೆಯ ಮೇಲೆ ಮಗು ಅಳತೊಡಗಿತು. ತಾಜುನ್ನಿಸಾ ಎರಡೂ ಕೈ ಚಾಚಿ, ತುಟಿ ಬಿಗಿಹಿಡಿದು, ಮುಖ ಬಾಡಿಸಿಕೊಂಡು ಕೇಳಿದಳು: "ಮಾರಿ ಇಷ್ಟು ಸಪ್ಪಗ ಮಾಡಿದ್ರ ಸಾಕೇನ್ರಿ ಫಾದರ್? ಇನ್ನಾ ಸ್ವಲ್ಪ ಮಾಡ್ಲೇನ್ರಿ?"

ಕ್ಯಾಮೆರಾದ ಹಿಂದಿನಿಂದ ಸ್ಟುಡಿಯೊದ ಪ್ರಹ್ಲಾದ ಕೂಗಿದ: "ಖಾಲಾನ ಮಾರಿ ಭಾಳ ಛಲೋ ಬರ್ಲಿಕತ್ತದ್ರಿ ಫಾದರ್. ನಿಮ್ದೇ ಕಾಣವಲ್ದು. ತಲಿ ಎತ್ರಿ."