ಚಿಕ್ಕಪ್ಪನ ಕಿವಿಯೊಳಗಿನ ಪದ

ತಂಗಳು ಮುದ್ದೆಯ ಹುಳಿ ವಾಸನೆಗೆ ಎಲ್ಲರೂ ಮೂಗು ಮುಚ್ಚುತ್ತಾರೆ. ನನಗೆ ಈಗಲೂ ನಗು ಬರುತ್ತದೆ.

ಆ ಮಧ್ಯಾಹ್ನ ಹನಗೋಡಿನ ಹೊಳೆದಂಡೆಯಲ್ಲಿ ಅಜ್ಜಿ ತಂಗಳು ಮುದ್ದೆಯನ್ನು ಕಡಲೆಗಾತ್ರದ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸುತ್ತಿದ್ದಳು. ಪಕ್ಕದಲ್ಲಿ ಚಿಕ್ಕಪ್ಪ ಗಾಳದ ಕೋಲು ಹಿಡಿದು, ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕೂತಿದ್ದ.

"ಮೀನ್ ಹಿಡಿಯೋ ಜಾಗ್ದಲ್ಲಿ ಪದ ಕೇಳ್ಬಾರ್ದು ಕಣ್ಲಾ, ಮೀನು ಓಡೋಯ್ತವೆ!" ಎಂದು ಅಜ್ಜಿ ಆಚೆ ದಡಕ್ಕೂ ಕೇಳುವಂತೆ ಕೂಗಿದಳು.

"ಪದ ನನ್ ಕಿವಿಯೊಳ್ಗೈತೆ ಕಣವ್ವ, ಮೀನ್ಗೆಂಗೆ ಕೇಳ್ತದೆ?" ಎಂದ ಚಿಕ್ಕಪ್ಪ. ಆಮೇಲೆ ನೀರು ನೋಡುತ್ತಾ ಮೆಲ್ಲಗೆ "ಹೂಂ" ಎಂದ. ಸ್ವಲ್ಪ ಹೊತ್ತಿಗೆ, "ಆಯ್ತು, ನಿಂದು?" ಎಂದ.

ಹಾಡಿಗೆ ಯಾರಾದರೂ ಉತ್ತರ ಕೊಡುತ್ತಾರೆಯೇ? ನಾನು ಒಂದು ಕಡೆಯ ವೈರು ಕಿತ್ತು ನನ್ನ ಕಿವಿಗಿಟ್ಟುಕೊಂಡೆ.

"ಅಜ್ಜೀ, ಇದು ಪದ ಅಲ್ಲ ಕಣಜ್ಜಿ! ಯಾರೋ ಅಕ್ಕ ಏನ್ ಸಾರು ಅಂತ ಕೇಳ್ತಾವ್ಳೆ!"

ಚಿಕ್ಕಪ್ಪ ಗಾಳದ ಕೋಲನ್ನೇ ಹೊಳೆಗೆ ಬಿಟ್ಟ. ಅಜ್ಜಿ ಉಳಿದ ಮುದ್ದೆಯನ್ನು ನೀರಿಗೆಸೆದು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

ಬರಿಗೈಲಿ ಬಂದ ನಮ್ಮನ್ನು ಕಂಡು ಜಗುಲಿಯಲ್ಲಿದ್ದ ತಾತ, "ಒಂದೂ ಬೀಳ್ಲಿಲ್ವಾ?" ಎಂದ.

"ಬಿದ್ದೈತೆ," ಎಂದಳು ಅಜ್ಜಿ, ಚಿಕ್ಕಪ್ಪನನ್ನು ಕಿವಿ ಹಿಡಿದು ಮುಂದೆ ತಳ್ಳುತ್ತಾ. "ನಮ್ ಮೀನೇ ಇನ್ನೊಬ್ರ ಗಾಳಕ್ಕೆ ಬಿದ್ದೈತೆ. ಹೆಣ್ ಕೇಳಾಕೆ ಯಾವೂರ್ಗೋಗ್ಬೇಕು ಅಂತ ಇವ್ನನ್ನೇ ಕೇಳಿ."